ಎಲ್ಲಿ ನಿಂತು, ಎಷ್ಟು ಹೊತ್ತು ನೋಡಿದ ಚಿತ್ರ?

ಶಹಾಪುರದ ಬೆಟ್ಟಸಾಲಿನಲ್ಲಿ ಮಲಗಿದ ಬುದ್ಧನನ್ನು ಕಂಡವರಿಗೆಲ್ಲ ಒಂದು ಸಂಗತಿ ಗೊತ್ತು. ಒಂದು ಕಡೆಯಿಂದ ನೋಡಿದರೆ ಹಣೆ, ಮೂಗು, ಗದ್ದ, ಎದೆ ಎಲ್ಲವೂ ಸ್ಪಷ್ಟವಾಗಿ ಕಾಣುತ್ತವೆ. ಮುಂದೆ ಸಾಗುತ್ತಿದ್ದಂತೆ ಬುದ್ಧ ಮರೆಯಾಗಿ ಬರಿಯ ಬಂಡೆಗಳು ಉಳಿಯುತ್ತವೆ. ಬೆಟ್ಟ ಬದಲಾಗಿರುವುದಿಲ್ಲ, ನೋಡುವವನು ನಿಂತ ಜಾಗ ಬದಲಾಗಿರುತ್ತದೆ. ಬೇರೆ ಬೇರೆ ದೂರದಲ್ಲಿರುವ ಗುಡ್ಡಗಳು ಒಂದೇ ಗೆರೆಯಲ್ಲಿ ಕೂಡಿ ಮುಖವಾಗುವುದು ಆ ಕೋನದಿಂದ ಮಾತ್ರ.

ಛಾಯಾಗ್ರಹಣದ ಮೊದಲ ಪಾಠವೂ ಇದೇ ಆಗಿದೆ. ಕ್ಯಾಮೆರಾ ಇದ್ದುದನ್ನು ಇದ್ದಂತೆ ತೋರಿಸುತ್ತದೆ ಎಂಬ ಮಾತು ಅರ್ಧ ಸತ್ಯ. ಚಿತ್ರ ತೆಗೆದವರು ಎಲ್ಲಿ ನಿಂತಿದ್ದರು, ಎಷ್ಟು ಹೊತ್ತು ಬೆಳಕನ್ನು ಒಳಗೆ ಬಿಟ್ಟರು ಎಂಬುದು ತಿಳಿಯದಿದ್ದರೆ ಹಳೆಯ ಚಿತ್ರಗಳಿಂದ ನಾವು ತಪ್ಪು ಇತಿಹಾಸವನ್ನು ಓದಿಕೊಳ್ಳುವ ಅಪಾಯವಿದೆ.

ಇದಕ್ಕೆ ಸುರಪುರದೊಡನೆ ನಂಟಿರುವ ಉದಾಹರಣೆಯೊಂದಿದೆ. ಬಾಲಕನಾಗಿದ್ದ ರಾಜಾ ವೆಂಕಟಪ್ಪ ನಾಯಕನ ಸಂಸ್ಥಾನದ ಆಡಳಿತ ನೋಡಿಕೊಳ್ಳಲು ಫಿಲಿಪ್ ಮೆಡೋಸ್ ಟೇಲರ್ ಸುರಪುರಕ್ಕೆ ಬಂದದ್ದು 1841ರಲ್ಲಿ. ಬೆಟ್ಟದ ಮೇಲೆ ಅವರು ಕಟ್ಟಿಸಿದ ಟೇಲರ್ ಮಂಜಿಲ್ ಈಗಲೂ ಇದೆ. ಅದೇ 1841ರಲ್ಲಿ ಇಂಗ್ಲೆಂಡಿನ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ ಕಾಗದದ ನೆಗೆಟಿವ್ ತಯಾರಿಸುವ ಕ್ಯಾಲೊಟೈಪ್ ವಿಧಾನಕ್ಕೆ ಪೇಟೆಂಟ್ ಪಡೆದರು. ಅದಕ್ಕೂ ಎರಡು ವರ್ಷ ಹಿಂದೆ, 1839ರಲ್ಲಿ, ಫ್ರಾನ್ಸಿನ ಡಾಗೇರ್ ಅವರ ವಿಧಾನ ಬಹಿರಂಗವಾಗಿತ್ತು. ಆದರೂ ಟೇಲರ್ ಸುರಪುರ ಸೀಮೆಯನ್ನು ಕಂಡದ್ದು ಪೆನ್ಸಿಲಿನ ಮೂಲಕವೇ. ಹೊಸ ಸಾಧನ ಹುಟ್ಟಿದ ಕೂಡಲೇ ಎಲ್ಲರ ಕೈಗೂ ಬರುವುದಿಲ್ಲ.

ಮುಂಬಯಿ ಸರಕಾರ ಬಿಜಾಪುರ, ಬಾದಾಮಿ, ಐಹೊಳೆ, ಧಾರವಾಡ, ಮೈಸೂರು ಸೀಮೆಗಳ ಕಟ್ಟಡಗಳ ಚಿತ್ರ ತೆಗೆಯಲು ಸೇನಾಧಿಕಾರಿ ಥಾಮಸ್ ಬಿಗ್ಸ್ ಅವರನ್ನು 1855ರಲ್ಲಿ ನೇಮಿಸಿತು. ಅವರು ಸೇನೆಗೆ ಮರಳಿದ ಮೇಲೆ ವೈದ್ಯರಾಗಿದ್ದ ಪಿಗೌ ಮತ್ತು ನೀಲ್ ಆ ಕೆಲಸ ಮುಂದುವರಿಸಿದರು. ಈ ಚಿತ್ರಗಳ ದೊಡ್ಡ ಸಂಪುಟಗಳು 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದವು. ಬಿಜಾಪುರದ ಸಂಪುಟಕ್ಕೂ ಧಾರವಾಡ–ಮೈಸೂರು ಸಂಪುಟಕ್ಕೂ ಚಾರಿತ್ರಿಕ ವಿವರಣೆ ಬರೆದವರು ಸುರಪುರದ ಅದೇ ಟೇಲರ್.

ಅಂದಿನ ಕಾಗದದ ನೆಗೆಟಿವ್ ಮೇಲೆ ಚಿತ್ರ ಮೂಡಲು ನಿಮಿಷಗಟ್ಟಲೆ ಬೆಳಕು ಬೇಕಾಗುತ್ತಿತ್ತು. ಕಲ್ಲಿನ ಕಂಬ ಅಲುಗಾಡದೆ ನಿಂತಿರುತ್ತದೆ, ಅದರ ಚಿತ್ರ ಮೂಡುತ್ತದೆ. ಅಂಗಳದಲ್ಲಿ ಓಡಾಡುವ ಜನ, ದನಕರು, ಬಂಡಿಗಳು ಮೂಡುವುದಿಲ್ಲ. ಡಾಗೇರ್ 1838ರಲ್ಲಿ ತೆಗೆದ ಪ್ಯಾರಿಸ್ ಬೀದಿಯ ಚಿತ್ರದಲ್ಲಿ ಹೀಗೆಯೇ ಆಗಿದೆ. ಜನನಿಬಿಡವಾದ ಆ ಬೀದಿ ಬರಿದಾಗಿ ಕಾಣುತ್ತದೆ. ಬೂಟು ಪಾಲಿಶ್ ಮಾಡಿಸಿಕೊಳ್ಳಲು ಒಂದೇ ಕಡೆ ನಿಂತಿದ್ದ ವ್ಯಕ್ತಿಯೊಬ್ಬ ಮಾತ್ರ ಉಳಿದುಕೊಂಡಿದ್ದಾನೆ. ನಮ್ಮ ಗುಡಿಗಳ ಮೊದಲ ಚಿತ್ರಗಳಲ್ಲಿ ಕಾಣುವ ನೀರವತೆಗೂ ಇದು ಒಂದು ಕಾರಣ. ಕಟ್ಟಡವೇ ಮುಖ್ಯ, ಜನ ಮುಖ್ಯರಲ್ಲ ಎಂಬ ದೃಷ್ಟಿಯೂ ಅದರೊಡನೆ ಸೇರಿತ್ತು. ಲಂಡನ್ನಿನ ಓದುಗನಿಗೆ ಇದು ಪಾಳುಬಿದ್ದ, ನಿರ್ಜನ ನಾಡು ಎನಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಊರು ಖಾಲಿಯಾಗಿರಲಿಲ್ಲ, ನೆಗೆಟಿವ್ ನಿಧಾನವಾಗಿತ್ತು.

ಚಲನೆಯನ್ನು ಹಿಡಿಯುವ ಕಲೆ ಬಂದದ್ದು ಆಮೇಲೆ. ಮುಂಬಯಿಯಿಂದ ಯಾದಗಿರಿಯ ಮೂಲಕ ಹಾದುಬಂದ ರೈಲು ಹಳಿ ರಾಯಚೂರಿನಲ್ಲಿ ಮದ್ರಾಸಿನ ಹಳಿಯನ್ನು ಕೂಡಿದ್ದು 1871ರಲ್ಲಿ. ಅದೇ ವರ್ಷ ಇಂಗ್ಲೆಂಡಿನ ವೈದ್ಯ ರಿಚರ್ಡ್ ಮ್ಯಾಡಾಕ್ಸ್, ಜಿಲಾಟಿನ್ ಲೇಪಿಸಿದ ಒಣ ಗಾಜಿನ ಫಲಕದ ವಿಧಾನವನ್ನು ಪ್ರಕಟಿಸಿದರು. ಆ ಫಲಕ ಸುಧಾರಿಸುತ್ತಾ ಹೋದಂತೆ ಸೆಕೆಂಡಿನ ಒಂದು ಚೂರಿನಲ್ಲಿ ಚಿತ್ರ ತೆಗೆಯುವುದು ಸಾಮಾನ್ಯವಾಯಿತು. 1878ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಎಡ್ವರ್ಡ್ ಮೈಬ್ರಿಜ್ 12 ಕ್ಯಾಮೆರಾಗಳನ್ನು ಸಾಲಾಗಿ ಇಟ್ಟು ಓಡುವ ಕುದುರೆಯ ಚಿತ್ರ ತೆಗೆದರು. ಕುದುರೆಯ ನಾಲ್ಕೂ ಕಾಲು ನೆಲ ಬಿಡುವ ಕ್ಷಣವೊಂದಿದೆ. ಆಗ ಕಾಲುಗಳು ಹೊಟ್ಟೆಯ ಕೆಳಗೆ ಮಡಚಿಕೊಂಡಿರುತ್ತವೆ, ಚಿತ್ರಕಾರರು ಬಹುಕಾಲ ಬರೆದಂತೆ ಹಿಂದೆ ಮುಂದೆ ಚಾಚಿಕೊಂಡಿರುವುದಿಲ್ಲ. ಕಣ್ಣಿಗೆ ಸಿಗದ ಒಂದು ಕ್ಷಣ ಕ್ಯಾಮೆರಾಕ್ಕೆ ಸಿಕ್ಕಿತು. ಹಿಂದಿನ ನಿಧಾನದ ಕ್ಯಾಮೆರಾ ಜನರನ್ನು ಅಳಿಸಿದರೆ, ಹೊಸ ವೇಗದ ಕ್ಯಾಮೆರಾ ಆ ಕ್ಷಣದ ಹಿಂದುಮುಂದನ್ನು ಅಳಿಸುತ್ತದೆ. ಎರಡರಲ್ಲೂ ಒಂದಿಷ್ಟು ಸಿಗುತ್ತದೆ, ಒಂದಿಷ್ಟು ಹೋಗುತ್ತದೆ.

ಇನ್ನು ಕಾಲದ ವಿಚಾರ. ಶಹಾಪುರದ ಹತ್ತಿರ ವಿಭೂತಿಹಳ್ಳಿಯಲ್ಲಿ ಪ್ರಾಚೀನರು ಹೊಲದಲ್ಲಿ ಬಂಡೆಗಳನ್ನು ಸಾಲುಸಾಲಾಗಿ ಇಟ್ಟಿದ್ದಾರೆ. ಸುರಪುರ ಸಂಸ್ಥಾನದ ಶಿಲಾ ಸಮಾಧಿಗಳ ಕುರಿತು ಬರೆದಾಗ ಟೇಲರ್ ಇವನ್ನೂ ದಾಖಲಿಸಿದ್ದರು. ಈ ಸಾಲುಗಳು ವರ್ಷದ ಕೆಲವು ವಿಶೇಷ ದಿನಗಳಂದು ಸೂರ್ಯ ಹುಟ್ಟುವ, ಮುಳುಗುವ ದಿಕ್ಕುಗಳನ್ನು ತೋರುತ್ತವೆ ಎಂಬುದು ಖಗೋಳ ವಿಜ್ಞಾನಿ ಎನ್. ಕಾಮೇಶ್ವರ ರಾವ್ ಅವರ ಅಭಿಪ್ರಾಯ. ಇದು ನಿಜವಾದರೆ ಆ ಜನ ಕಂಡುಕೊಂಡ ಉಪಾಯ ಬಹಳ ಸರಳ: ನೋಡುವವನು ಒಂದೇ ಜಾಗದಲ್ಲಿ ನಿಲ್ಲಬೇಕು, ಮತ್ತೆ ಮತ್ತೆ ಬಂದು ನೋಡಬೇಕು. ಆಗ ಕಾಲದ ನಡಿಗೆ ತಾನಾಗಿ ಕಾಣಿಸುತ್ತದೆ.

ಇಂದು ಪ್ರತಿಯೊಬ್ಬರ ಜೇಬಿನಲ್ಲೂ ಕ್ಯಾಮೆರಾ ಇದೆ, ಚಿತ್ರಗಳಿಗೆ ಲೆಕ್ಕವಿಲ್ಲ. ಆದರೆ ಇಸವಿ ಮತ್ತು ಜಾಗದ ಹೆಸರಿಲ್ಲದ ಚಿತ್ರ ಮುಂದಿನ ತಲೆಮಾರಿಗೆ ಮೂಕ ಸಾಕ್ಷಿಯಾಗಿ ಉಳಿಯುತ್ತದೆ. ಮನೆಯ ಟ್ರಂಕಿನಲ್ಲಿರುವ ಹಳೆಯ ಫೋಟೋಗಳ ಬೆನ್ನಿಗೆ, ಗೊತ್ತಿರುವ ಹಿರಿಯರು ಇರುವಾಗಲೇ, ಯಾವ ವರ್ಷ, ಯಾವ ಊರು, ಯಾರು ಎಂದು ಕೇಳಿ ಬರೆದಿಡುವುದು ದೊಡ್ಡ ಕೆಲಸವೇನಲ್ಲ. ಯಾದಗಿರಿ ಕೋಟೆಯನ್ನೋ ಸುರಪುರದ ಬೀದಿಯನ್ನೋ ವರ್ಷಕ್ಕೊಮ್ಮೆ ಒಂದೇ ಜಾಗದಿಂದ, ಒಂದೇ ಹೊತ್ತಿನಲ್ಲಿ ಚಿತ್ರ ತೆಗೆದಿಟ್ಟರೆ ಇಪ್ಪತ್ತು ವರ್ಷಗಳಲ್ಲಿ ಅದೇ ಒಂದು ಚರಿತ್ರೆಯಾಗುತ್ತದೆ. ಅದರಲ್ಲಿ ಕಲ್ಲಿನ ಜೊತೆಗೆ ಜನರೂ ಇರಲಿ.