ಶೇರು ಎಂಬ ಮಾತಿನ ಕಥೆ



ನಮ್ಮ ಸಂಘ 25 ವರ್ಷ ತುಂಬಿ ಬೆಳ್ಳಿ ಹಬ್ಬ ಆಚರಿಸುತ್ತಿರುವ ಈ ಶುಭ ಸಂದರ್ಭದಲ್ಲಿ, ದಿನಾಲೂ ಎಲ್ಲರ ಬಾಯಲ್ಲಿ ಬರುವ ಒಂದು ಇಂಗ್ಲಿಷ್ ಮಾತಿನ ಬಗ್ಗೆ ನಾಲ್ಕು ಸಾಲು ಬರೆಯುವ ಮನಸ್ಸಾಯಿತು. ಆ ಮಾತೇ 'ಶೇರು'. ನಾವು ಓದಿದ್ದು ಎಸ್‌ಎಸ್‌ಎಲ್‌ಸಿ, ಮಾಡುವುದು ಒಕ್ಕಲುತನ. ತಪ್ಪಿದ್ದರೆ ತಿಳಿದವರು ತಿದ್ದಬೇಕು.

ನಾವು ಮೊದಲ ಸಲ ಸಂಘಕ್ಕೆ ಶೇರು ಕಟ್ಟಿ ಮನೆಗೆ ಬಂದಾಗ ನಮ್ಮ ಅಜ್ಜಿ, "ಎಷ್ಟು ಶೇರು ಜ್ವಾಳ ಹಾಕಿ ಬಂದ್ಯೋ ತಮ್ಮಾ?" ಎಂದು ಕೇಳಿದ್ದಳು. ಮನೆಮಂದಿಯೆಲ್ಲಾ ನಕ್ಕೆವು. ಅವಳ ಶೇರು ಅಂದರೆ ಕಾಳು ಅಳೆಯುವ ಸೇರು. ಅದು ಈ ದೇಶದ್ದೇ ಹಳೆಯ ಅಳತೆ. ತೂಕದ ಸೇರಿಗೆ 80 ತೊಲ ಇತ್ತು, ಕಿಲೋ ಬಂದ ಮೇಲೆ ಅದು ಹೋಯಿತು. ಸಂಘದ ಶೇರು ಮಾತ್ರ ಇಂಗ್ಲಿಷರ ಮಾತು. ಎರಡೂ ಬೇರೆ ಬೇರೆ ಊರಿಂದ ಬಂದು ನಮ್ಮ ನಾಲಿಗೆಯ ಮೇಲೆ ಒಂದಾಗಿವೆ.

ಇಂಗ್ಲಿಷಿನಲ್ಲಿ ಈ ಮಾತಿನ ಬೇರು 'ಕತ್ತರಿಸು' ಎಂಬ ಅರ್ಥದ್ದು. ಕುರಿಯ ಉಣ್ಣೆ ಕತ್ತರಿಸುವುದಕ್ಕೆ ಅವರು 'ಶಿಯರ್' ಅನ್ನುತ್ತಾರೆ. ನೆಲ ಸೀಳುವ ನೇಗಿಲ ಗುಳಕ್ಕೆ 'ಪ್ಲೌಶೇರ್' ಅನ್ನುತ್ತಾರೆ. ಎಲ್ಲವೂ ಒಂದೇ ಬೇರಿನವು. ಕತ್ತರಿಸಿ ಹಂಚಿದ ತುಂಡೇ ಶೇರು. ನಾವು ಪಾಲು ಅನ್ನುವುದೂ, ಹೊಲದ ಕಾಗದದಲ್ಲಿ ಹಿಸ್ಸಾ ಎಂದು ಬರೆಯುವುದೂ ಇದನ್ನೇ. 'ಶೇರುದಾರ' ಎಂಬ ಮಾತು ನೋಡಿರಿ, ತಲೆ ಇಂಗ್ಲಿಷಿನದು, ಬಾಲ ಜಾಗೀರದಾರನಂತೆ ಪಾರಸಿಯದು. ಹೈದರಾಬಾದ್ ಸೀಮೆಯವರಾದ ನಮಗೆ ಇಂಥ ಕೂಡಿಕೆ ಹೊಸದೇನಲ್ಲ.

ಮುಂದೆ ವ್ಯಾಪಾರದ ಕಂಪನಿಗಳು ಹುಟ್ಟಿದಾಗ ಬಂಡವಾಳದ ತುಂಡಿಗೂ ಶೇರು ಎಂದೇ ಹೆಸರಾಯಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತಿತು, ನಮ್ಮ ದೇಶದ ಹತ್ತಿಗೆ ಬೆಲೆ ಬಂತು. ಮುಂಬಯಿಯಲ್ಲಿ ರೊಕ್ಕ ಹರಿದು, ಶೇರುಗಳ ಬೆಲೆ ಆಕಾಶಕ್ಕೇರಿ, ಯುದ್ಧ ಮುಗಿದದ್ದೇ ನೆಲಕ್ಕೆ ಬಿತ್ತು. ಎಷ್ಟೋ ಮನೆತನ ಮುಳುಗಿದವು. ಶೇರು ಅಂದರೆ ಜೂಜು ಎಂದು ಹೆದರುವವರು ಇಂದಿಗೂ ಇದ್ದಾರೆ.

ನಮ್ಮ ಶೇರು ಆ ಜಾತಿಯದಲ್ಲ. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್ ಎಂಬ ಊರಲ್ಲಿ 28 ಜನ, ಬಹಳಷ್ಟು ನೇಕಾರರು ಮತ್ತು ಕುಶಲಕರ್ಮಿಗಳು, ತಲೆಗೆ ಒಂದು ಪೌಂಡ್ ಕೂಡಿಸಿ ಹಿಟ್ಟು, ಬೆಣ್ಣೆ, ಸಕ್ಕರೆಯ ಅಂಗಡಿ ತೆರೆದರು. ಶೇರು ಎಷ್ಟೇ ಇರಲಿ, ಒಬ್ಬನಿಗೆ ಒಂದೇ ಓಟು ಎಂಬ ನಿಯಮ ಅವರು ನಡೆಸಿ ತೋರಿಸಿದ್ದು. ನಮ್ಮ ದೇಶಕ್ಕೆ ಸಹಕಾರ ಪತ್ತಿನ ಕಾಯ್ದೆ 1904ರಲ್ಲಿ ಬಂತು. ಮರುವರ್ಷವೇ, 1905ರಲ್ಲಿ, ಇಂದಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಂಘ ಕಟ್ಟಿದರು. ನಮ್ಮ ಗುರುಗುಂಟಾ ಆಗ ನಿಜಾಮರ ಕೈಕೆಳಗಿನ ಒಂದು ಸಂಸ್ಥಾನ.

ಸ್ವಾತಂತ್ರ್ಯದ ನಂತರ ಗೋರವಾಲಾ ಸಮಿತಿ ದೇಶದ ಹಳ್ಳಿ ಸಾಲ ಅಳೆದು ನೋಡಿತು. 1951-52ರಲ್ಲಿ ರೈತ ತಂದ ನೂರು ರೂಪಾಯಿ ಸಾಲದಲ್ಲಿ ಸಹಕಾರ ಸಂಘ ಕೊಟ್ಟದ್ದು ಬರೀ ಮೂರು ರೂಪಾಯಿಯಷ್ಟು. ಉಳಿದದ್ದರಲ್ಲಿ ಹೆಚ್ಚಿನದೆಲ್ಲಾ ಸಾಹುಕಾರರದು. ಸರ್ಕಾರವೂ ಸಂಘಗಳಲ್ಲಿ ಶೇರು ಹಾಕಬೇಕೆಂದು 1954ರಲ್ಲಿ ಆ ಸಮಿತಿ ಹೇಳಿತು. 1956ರಲ್ಲಿ ರಾಯಚೂರು ಜಿಲ್ಲೆ ಕನ್ನಡ ನಾಡಿಗೆ ಸೇರಿತು, 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ ನಮಗೂ ಬಂತು.

ಇಷ್ಟು ಇತಿಹಾಸ ಯಾಕೆ ಹೇಳಿದೆವು? ನಮ್ಮ ಬಾಯಲ್ಲಿ ಶೇರು ಅಂದರೆ 'ಸಾಲದಾಗ ಹಿಡಕೊಂಡ ರೊಕ್ಕ' ಎಂದಷ್ಟೇ ಆಗಿದೆ. ನಾವೂ ಹಾಗೇ ತಿಳಿದಿದ್ದೆವು. ಪಾವತಿ ಟ್ರಂಕಿನಲ್ಲಿ ಹಾಕಿ ಮರೆತೆವು, ಎಷ್ಟೋ ವರ್ಷ ಮಹಾಸಭೆಗೆ ಹೋಗಲಿಲ್ಲ.

ಒಮ್ಮೆ ಗಂಡ ತೀರಿದ ತಾಯಿಯೊಬ್ಬರು ಅವರ ಶೇರಿನ ಪಾವತಿ ಸೆರಗಿನಲ್ಲಿ ಕಟ್ಟಿಕೊಂಡು ಸಂಘಕ್ಕೆ ಬಂದರು. ಅರ್ಜಿ ತೆಗೆದು ನೋಡಿದರೆ ನಾಮಿನಿ ಜಾಗ ಖಾಲಿ. ಆ ಅರ್ಜಿಗೆ ಸಾಕ್ಷಿ ಸಹಿ ಹಾಕಿದವರು ನಾವೇ! "ಯಣ್ಣಾ, ಇದರಾಗ ನಂದೇನೂ ಪಾಲಿಲ್ಲೇನ್ರಿ?" ಎಂದು ಕೇಳಿದಾಗ ನಮಗೆ ತಲೆ ಎತ್ತಲಾಗಲಿಲ್ಲ. ವಾರಸಾ ಕಾಗದಕ್ಕಾಗಿ ಆ ತಾಯಿ ಬಹಳ ದಿನ ಅಲೆದರು. ರೊಕ್ಕ ದೊಡ್ಡದಿರಲಿಲ್ಲ, ತಪ್ಪು ದೊಡ್ಡದಿತ್ತು. ಅಂದಿನಿಂದ ನಾವು ಓದದೆ ಸಹಿ ಹಾಕುವುದನ್ನು ಬಿಟ್ಟಿದ್ದೇವೆ.

ಆದ್ದರಿಂದ ಸದಸ್ಯರಲ್ಲಿ ನಮ್ಮ ಕೋರಿಕೆ ಇಷ್ಟೇ. ಪಾವತಿ ತೆಗೆದು ನೋಡಿರಿ. ನಾಮಿನಿ ಬರೆಸಿರಿ. ಮನೆಯ ಹೆಣ್ಣುಮಕ್ಕಳನ್ನೂ ಸದಸ್ಯರನ್ನಾಗಿ ಮಾಡಿರಿ. ಮಹಾಸಭೆಗೆ ಬಂದು ಲೆಕ್ಕ ಕೇಳಿರಿ, ನಿರ್ದೇಶಕರಾದ ನಮ್ಮನ್ನೂ ಕೇಳಿರಿ. ಹತ್ತು ಎಕರೆಯವನಿಗೂ ಒಂದು ಎಕರೆಯವನಿಗೂ ಅಲ್ಲಿ ಒಂದೇ ಓಟು.

ಇಂಗ್ಲಿಷಿನ ಶೇರು ಅಂದರೆ ಕತ್ತರಿಸಿದ್ದು. ಕನ್ನಡದಲ್ಲಿ ಸೇರು ಅಂದರೆ ಕೂಡು. ಒಬ್ಬೊಬ್ಬರೂ ತಮ್ಮ ದುಡಿಮೆಯಲ್ಲಿ ಒಂದು ತುಂಡು ತೆಗೆದಿಟ್ಟು ಕೂಡಿದ್ದಕ್ಕೇ ಈ ಸಂಘ 25 ವರ್ಷ ನಿಂತಿದೆ. ಅಜ್ಜಿಯ ಮಾತೂ ಪೂರ್ತಿ ಸುಳ್ಳಲ್ಲ ಅನ್ನಿಸುತ್ತದೆ. ಸೇರು ಸೇರು ಕಾಳು ಹಾಕಿದರೇ ಹಗೇವು ತುಂಬುವುದು.

ಅಮರೇಶ್ವರನ ಕೃಪೆಯಿಂದ ಸಂಘ ಇನ್ನೂ ಬೆಳೆಯಲಿ ಎಂದು ಹಾರೈಸುತ್ತೇವೆ. ಜೈ ಸಹಕಾರ.