ಚಾರ್ಜರ್ ಒಳಗಿನ ಟ್ರಾನ್ಸ್‌ಫಾರ್ಮರ್ ಸೇಫಾ? ಆರ್ ನಂಬರ್ ನೋಡಿ ತಿಳ್ಕೊಳ್ಳಿ

ಮೊಬೈಲ್ ಚಾರ್ಜರ್, ಲ್ಯಾಪ್‌ಟಾಪ್ ಅಡಾಪ್ಟರ್ ಒಳಗೆ ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್ ಇರುತ್ತೆ. ಪ್ಲಗ್‌ನ 230 ವೋಲ್ಟ್ ಕರೆಂಟ್ ನಮ್ಮ ಕೈಗೆ ಬರದಂತೆ ತಡೆಯೋದರಲ್ಲಿ ಇದರದ್ದೇ ದೊಡ್ಡ ಪಾತ್ರ. ಇನ್ಸುಲೇಷನ್ ಕೆಟ್ಟರೆ ಚಾರ್ಜಿಂಗ್‌ಗೆ ಹಾಕಿದ ಫೋನ್ ಮುಟ್ಟಿದವರಿಗೂ ಶಾಕ್ ಹೊಡೆಯಬಹುದು.

ಈ ಟ್ರಾನ್ಸ್‌ಫಾರ್ಮರನ್ನು ಸಾಮಾನ್ಯವಾಗಿ ಆಯಾ ಅಡಾಪ್ಟರ್‌ಗೆ ತಕ್ಕಂತೆ ಆರ್ಡರ್ ಕೊಟ್ಟು ಮಾಡಿಸ್ತಾರೆ. ಹಾಗಾಗಿ ಅಡಾಪ್ಟರ್ ಪರೀಕ್ಷೆಯಲ್ಲೇ ಇದನ್ನೂ ಪರೀಕ್ಷಿಸಲಾಗುತ್ತದೆ.

ಲ್ಯಾಬ್‌ನಲ್ಲಿ ಏನು ನೋಡ್ತಾರೆ?

* ಪ್ರೈಮರಿ, ಸೆಕೆಂಡರಿ ವೈಂಡಿಂಗ್ ನಡುವೆ ಹೈ ವೋಲ್ಟೇಜ್ ಕೊಡ್ತಾರೆ. ಐಎಸ್ 13252 ಮಾನದಂಡದಲ್ಲಿ ಇದು ಕನಿಷ್ಠ 3,000 ವೋಲ್ಟ್, ಒಂದು ನಿಮಿಷ. ಇನ್ಸುಲೇಷನ್ ಒಡೆಯಬಾರದು.
* ಎರಡೂ ವೈಂಡಿಂಗ್ ನಡುವಿನ ಅಂತರವನ್ನು ಮಿಲಿಮೀಟರ್ ಲೆಕ್ಕದಲ್ಲಿ ಅಳೀತಾರೆ.
* ಓವರ್‌ಲೋಡ್, ಶಾರ್ಟ್ ಆದಾಗ ಎಷ್ಟು ಬಿಸಿಯಾಗುತ್ತೆ ಅಂತ ನೋಡ್ತಾರೆ.

ಗ್ರಾಹಕರು ಏನು ಮಾಡಬೇಕು?

ಕಂಪ್ಯೂಟರ್‌ನಂಥ ಐಟಿ ಉಪಕರಣಗಳ ಅಡಾಪ್ಟರ್‌ಗೆ ಬಿಐಎಸ್ ನೋಂದಣಿ ಕಡ್ಡಾಯ. ಅಡಾಪ್ಟರ್ ಮೇಲೆ ಬಿಐಎಸ್ ಗುರುತು, ಜೊತೆಗೆ ಆರ್ ಅಕ್ಷರದಿಂದ ಶುರುವಾಗೋ ನಂಬರ್ ಇರಬೇಕು. ಆ ನಂಬರನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ. ಅಲ್ಲಿ ಬರೋ ಕಂಪನಿ, ಬ್ರ್ಯಾಂಡ್ ಹೆಸರು ನಿಮ್ಮ ಕೈಲಿರೋ ಅಡಾಪ್ಟರ್‌ಗೆ ಹೊಂದಬೇಕು. ಹೊಂದದಿದ್ದರೆ ಕೊಳ್ಳಬೇಡಿ.

ರಿಪೇರಿಗೆ ಕೊಡೋರು ಗಮನಿಸಿ

ನೋಂದಣಿ ಇರೋದು ಪರೀಕ್ಷೆಯಾದ ಡಿಸೈನ್‌ಗೆ ಮಾತ್ರ. ರಿಪೇರಿಯಲ್ಲಿ ಟ್ರಾನ್ಸ್‌ಫಾರ್ಮರ್ ರೀವೈಂಡ್ ಮಾಡಿಸಿದರೆ ಅಥವಾ ಬೇರೆಯದು ಹಾಕಿಸಿದರೆ, ಗುರುತು ಹಾಗೇ ಉಳಿಯುತ್ತೆ, ಆದರೆ ಸುರಕ್ಷತೆಗೆ ಗ್ಯಾರಂಟಿ ಇರಲ್ಲ. ಅಡಾಪ್ಟರ್ ಸುಟ್ಟರೆ ನೋಂದಣಿ ಇರೋ ಹೊಸದನ್ನೇ ತಗೊಳ್ಳಿ.