ಕೊಲೆಗಾರನ ಲೆಕ್ಕ ಬರೆದವರು ಯಾರು?

ವಿಚಿತ್ರ ಅಪರಾಧಗಳ ಪುಸ್ತಕವೊಂದು ಗ್ರಂಥಾಲಯದಲ್ಲಿ ಕೈಗೆ ಸಿಕ್ಕರೆ ನೀವು ಪಠ್ಯವನ್ನು ಬದಿಗಿಟ್ಟು ಅದನ್ನೇ ಓದುತ್ತೀರಿ. ಓದಿ, ತಪ್ಪೇನಿಲ್ಲ. ನಾನೂ ಹಾಗೆಯೇ ಓದಿದೆ. ಅಂಥ ಪುಸ್ತಕಗಳಲ್ಲಿ ಬೆಹ್ರಾಮ್ ಎಂಬ ಥಗ್ಗನ ಹೆಸರು ಬಂದೇ ಬರುತ್ತದೆ: ದಾರಿಹೋಕರ ಕೊರಳಿಗೆ ಬಟ್ಟೆ ಬಿಗಿದು 931 ಜನರನ್ನು ಕೊಂದವನು ಎಂದು.

ಈ ಸಂಖ್ಯೆ ಬಂದದ್ದು ಎಲ್ಲಿಂದ? 1830ರ ದಶಕದಲ್ಲಿ ಲಕ್ನೋದಲ್ಲಿದ್ದ ಬ್ರಿಟಿಷ್ ಅಧಿಕಾರಿ ಜೇಮ್ಸ್ ಪೇಟನ್ ಬರೆದುಕೊಂಡ ಹೇಳಿಕೆಗಳಿಂದ. ಆದರೆ 931 ಎಂಬುದು ಬೆಹ್ರಾಮ್ ಹಾಜರಿದ್ದ ಕೊಲೆಗಳ ಲೆಕ್ಕ. ತನ್ನ ಕೈಯಿಂದ ಸತ್ತವರು ಸುಮಾರು 125 ಎಂದು ಅವನೇ ಹೇಳಿದ್ದೂ ಆ ಕಾಗದಗಳಲ್ಲಿದೆ. ದೊಡ್ಡ ಸಂಖ್ಯೆ ಪುಸ್ತಕದಿಂದ ಪುಸ್ತಕಕ್ಕೆ ಹೋಯಿತು. ಚಿಕ್ಕದು ಕಾಗದದಲ್ಲೇ ಉಳಿಯಿತು.

ಬೆಹ್ರಾಮ್ ಮಾಫಿ ಸಾಕ್ಷಿ. ವಿಲಿಯಂ ಸ್ಲೀಮನ್ ಥಗ್ಗರನ್ನು ಹಿಡಿದದ್ದೇ ಇಂಥವರ ನೆರವಿನಿಂದ. ಸಿಕ್ಕಿಬಿದ್ದವನು ಜೊತೆಗಾರರ ಹೆಸರು ಹೇಳಿದರೆ ಗಲ್ಲು ತಪ್ಪುತ್ತಿತ್ತು. ಹಾಗಿದ್ದ ಮೇಲೆ ಯಾರು ಕಡಿಮೆ ಹೇಳುತ್ತಾರೆ? 1836ರ ಕಾಯಿದೆಯಂತೂ ಇಂಥದೇ ಕೊಲೆ ಮಾಡಿದನೆಂಬ ರುಜುವಾತನ್ನೂ ಕೇಳಲಿಲ್ಲ. ಥಗ್ಗರ ಗುಂಪಿನವನೆಂದು ತೋರಿಸಿದರೆ ಜೀವಾವಧಿ ಶಿಕ್ಷೆ. ದಾರಿಯಲ್ಲಿ ಕೊಲೆಗಳು ನಡೆದದ್ದು ನಿಜ, ಹೂತ ಹೆಣಗಳನ್ನು ಅಗೆದು ತೆಗೆದಿದ್ದಾರೆ. ಅನುಮಾನ ಇರುವುದು ಲೆಕ್ಕದ ಬಗ್ಗೆ, ಲೆಕ್ಕ ಹೇಳಿಸಿದ ರೀತಿಯ ಬಗ್ಗೆ.

ವಿಜ್ಞಾನ ಓದಿದ ನನಗೆ ಅಚ್ಚರಿ ತರುವುದು ಇನ್ನೊಂದು ಸಂಗತಿ. ತಲೆಬುರುಡೆಯ ಉಬ್ಬುತಗ್ಗು ನೋಡಿ ಗುಣ ಹೇಳುವ 'ಶಾಸ್ತ್ರ'ವೊಂದು ಆಗ ಯೂರೋಪಿನಲ್ಲಿ ಜನಪ್ರಿಯವಾಗಿತ್ತು. ಈಗಿನ ಮಧ್ಯಪ್ರದೇಶದ ಸಾಗರದಲ್ಲಿ ಗಲ್ಲಿಗೇರಿಸಿದ ಏಳು ಥಗ್ಗರ ಬುರುಡೆಗಳನ್ನು ಎಡಿನ್‌ಬರೋಗೆ ಕಳಿಸಿದರು. ಅಲ್ಲಿನ ಪಂಡಿತರು ಅಳೆದು ನೋಡಿದರೆ, ಹಿಂಸೆಯ ಉಬ್ಬು ಅಷ್ಟೇನೂ ಎದ್ದು ಕಾಣಲಿಲ್ಲ! ಪ್ರಯೋಗ ಸುಳ್ಳಾದರೆ ಸಿದ್ಧಾಂತವನ್ನು ಬಿಡಬೇಕು. ಅವರು ಬಿಡಲಿಲ್ಲ, ಬೇರೆ ವಿವರಣೆ ಹುಡುಕಿದರು.

ಈ ಕಥೆಗೆ ನಮ್ಮ ನಾಡಿನ ನಂಟೂ ಇದೆ. ಥಗ್ಗನೊಬ್ಬ ತಾನೇ ಹೇಳಿಕೊಂಡಂತೆ 1839ರಲ್ಲಿ ಕಾದಂಬರಿ ಬರೆದು ಇಂಗ್ಲೆಂಡನ್ನು ಬೆಚ್ಚಿಬೀಳಿಸಿದ ಫಿಲಿಪ್ ಮೆಡೋಸ್ ಟೇಲರ್, ಎರಡು ವರ್ಷಗಳ ನಂತರ ಸುರಪುರಕ್ಕೆ ಆಡಳಿತಗಾರನಾಗಿ ಬಂದ. ಅವನ ಬಂಗಲೆ 'ಟೇಲರ್ ಮಂಜಿಲ್' ಅಲ್ಲಿದೆ. ಕಾದಂಬರಿಯನ್ನು ವರದಿಯೆಂದೇ ನಂಬಿದವರು ಬಹಳ.

ಹುಟ್ಟಿನಿಂದಲೇ ಅಪರಾಧಿ ಎಂಬ ಕಲ್ಪನೆ ಹೀಗೆ ಬೇರೂರಿತು. 1871ರಲ್ಲಿ ಅದು ಅಪರಾಧಿ ಬುಡಕಟ್ಟುಗಳ ಕಾಯಿದೆಯಾಯಿತು. ಏನೂ ಮಾಡದವರೂ ಪೊಲೀಸರ ಬಳಿ ಹೆಸರು ಬರೆಸಬೇಕಾಯಿತು. ಕಾಯಿದೆ ರದ್ದಾದದ್ದು 1952ರಲ್ಲಿ. ನಿಮ್ಮ ಪಕ್ಕದ ಬೆಂಚಿನಲ್ಲಿ ಕೂತವರ ಮುತ್ತಜ್ಜ ಆ ರಿಜಿಸ್ಟರಿನಲ್ಲಿ ಹೆಬ್ಬೆಟ್ಟು ಒತ್ತಿದವರಿರಬಹುದು.